ಮರದಿಂದ ಬಿದ್ದ ಚಿಕ್ಕಪ್ಪ ಮತ್ತು ಗೇರುಬೀಜದ ಸಿಪ್ಪೆ

ಊರಿಗೆ ಹೋಗಿ ಬಂದು ಎರಡು ವಾರ ಆಯ್ತು. ಬರೀಬೇಕು ಬರೀಬೇಕು ಅಂದುಕೊಳ್ಳುತ್ತಲೇ ದಿನ ತಳ್ಳಿದೆ. ಇವತ್ತು ಆಫೀಸಿನಲ್ಲಿ ರಿಲೀಸ್ ಮುಂದಕ್ಕೆ ಹೋಯ್ತು, ಹಾಗಾಗಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡಿಕೊಂಡೇ ಬನ್ನಿ :-)

ನಮ್ಮೂರು ಅಜ್ಜಂಪುರದ ಹತ್ತಿರ. ಈಗ ಅಜ್ಜಂಪುರವೇ ಒಂದು ತಾಲ್ಲೂಕು, ನಾನು ಸ್ಕೂಲಿಗೆ ಹೋಗುವಾಗ 'ತರೀಕೆರೆ ತಾಲ್ಲೂಕು' ಅಂತ ಬರೆಯುತ್ತಿದ್ದೆವು. ತರೀಕೆರೆ ಕಡೆ ಅಡಿಕೆ, ಕಡೂರು ಕಡೆ ತೆಂಗು, ನಮ್ಮ ಕಡೆ ಈರುಳ್ಳಿ. ಮಳೆ ಬಂದರೆ ಮೂರೂ ಉಂಟು, ಬರದಿದ್ದರೆ ಮೂರು ಕಡೆಗೂ ಒಂದೇ ಬೆಳೆ, ಸಾಲ. ಅಜ್ಜಂಪುರದಲ್ಲಿ ಅಮೃತ್ ಮಹಲ್ ದನಗಳ ತಳಿ ಕೇಂದ್ರ ಇದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು, ಫಿರಂಗಿ ಎಳೆಯುತ್ತಿದ್ದ ದನಗಳ ವಂಶ. ಅದರ ಪಕ್ಕದಲ್ಲೇ ಬೆಳೆದಿದ್ದಕ್ಕೋ ಏನೋ, ನಮ್ಮ ಕಡೆ ತಳಿಯ ಬಗ್ಗೆ ಮಾತಾಡದ ಮನುಷ್ಯ ಇಲ್ಲ. ಹೋರಿಯ ಕೊಂಬು ನೋಡಿ ಅದರ ಅಪ್ಪನ ಗುಣ ಹೇಳುವವರು ಮನುಷ್ಯರನ್ನು ನೋಡಿಯೂ ಹಾಗೇ ಹೇಳಿಬಿಡುತ್ತಾರೆ.

2006ರ ಬೇಸಿಗೆ. ನನಗಾಗ ಒಂಬತ್ತು ವರ್ಷ. ಚಿಕ್ಕಪ್ಪ ಕಾಯಿ ಕೀಳಲು ಹತ್ತಿದವರು ಮರದಿಂದ ಬಿದ್ದರು. ಬಿದ್ದದ್ದನ್ನು ನಾನು ನೋಡಲಿಲ್ಲ, ಶಬ್ದ ಕೇಳಿದೆ. ಕಾಯಿ ಬಿದ್ದ ಹಾಗೇ ಇತ್ತು, ಅದಕ್ಕೇ ಯಾರೂ ತಕ್ಷಣ ಓಡಲಿಲ್ಲ. ಯಾರದೋ ಟೆಂಪೋದಲ್ಲಿ ಕಡೂರಿಗೆ, ಅಲ್ಲಿಂದ ಬಿ.ಎಚ್. ರಸ್ತೆ ಹಿಡಿದು ಬೆಂಗಳೂರಿಗೆ. ಅರಸೀಕೆರೆ, ತಿಪಟೂರು, ತುಮಕೂರು.. ಇನ್ನೂರು ಕಿಲೋಮೀಟರ್‌ಗಿಂತ ಹೆಚ್ಚು. ಮೂರು ವಾರ ಆದಮೇಲೆ ತಲೆ ಬೋಳಿಸಿಕೊಂಡು ಮನೆಗೆ ಬಂದರು. ಗಾಯ ಮಾಯಿತು, ಕೂದಲು ಬಂತು, ಎರಡನೇ ಸಲದ ಸ್ಕ್ಯಾನಿನಲ್ಲಿ ರಕ್ತ ಕರಗಿದೆ ಅಂದರು. ಆದರೆ ಬಂದ ಮನುಷ್ಯ ಹೋದ ಮನುಷ್ಯ ಆಗಿರಲಿಲ್ಲ. ಚೌಕಾಬಾರ ಆಡುವಾಗ ಬೇಕಂತಲೇ ನಮಗೆ ಸೋಲುತ್ತಿದ್ದ ಚಿಕ್ಕಪ್ಪ ಈಗ ತಟ್ಟೆ ಎಸೆಯುತ್ತಿದ್ದರು. ಕೇಳಿದ್ದನ್ನೇ ಹತ್ತು ಸಲ ಕೇಳುತ್ತಿದ್ದರು. ಊರಿನಲ್ಲಿ ಎರಡು ಪಕ್ಷ. ಒಂದು ಪಕ್ಷ ಮರದ ಮೇಲೆ ಏನೋ ಇತ್ತು ಅಂತ. ಇನ್ನೊಂದು ತಳಿ ಪಕ್ಷ: 'ಅವರಜ್ಜನೂ ಮುಂಗೋಪಿನೇ, ರಕ್ತದಲ್ಲಿತ್ತು, ಈಗ ಹೊರಗೆ ಬಂತು.'

ಇಷ್ಟು ಹಳೇ ಕಥೆ ಈಗ ಯಾಕೆ ಅಂದರೆ, ಚಿಕ್ಕಪ್ಪನ ಮಗಳಿಗೆ ಕಡೂರು ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಆಮೇಲೆ ಯಾರೋ ಹೇಳಿದರಂತೆ. 'ಹುಡುಗಿ ಅಪ್ಪನಿಗೆ ತಲೆ ಸರಿ ಇಲ್ಲ, ಮುಂದೆ ಮಕ್ಕಳಿಗೆ ಬಂದರೆ?' ಫೋನಿನಲ್ಲೇ ಮುಗಿಯಿತು. ನಾನು ಊರಿಗೆ ಹೋದಾಗ ಅವಳು ಮೊಬೈಲಿನಲ್ಲಿ ಒಂದು ಲೇಖನ ತೋರಿಸಿದಳು. ಆಘಾತವಾದರೆ ಅದರ ಗುರುತು ಜೀನುಗಳ ಮೇಲೆ ಉಳಿಯುತ್ತದೆ, ತಲೆಮಾರುಗಳಿಗೆ ದಾಟುತ್ತದೆ, ಅದಕ್ಕೆ ಎಪಿಜೆನೆಟಿಕ್ಸ್ ಅನ್ನುತ್ತಾರೆ ಅಂತೆಲ್ಲ ಇತ್ತು. 'ಅಣ್ಣಾ, ನೀನು ಇಂಜಿನಿಯರು, ಇದು ನಿಜಾನಾ ಹೇಳು' ಅಂದಳು. ಇಂಜಿನಿಯರಿಂಗ್‌ಗೂ ಇದಕ್ಕೂ ಏನು ಸಂಬಂಧ ಅಂತ ನನಗೂ ಗೊತ್ತಿಲ್ಲ. ಓದಿ ಹೇಳ್ತೀನಿ ಅಂದೆ. ಎರಡು ವಾರ ಓದಿದೆ. ಓದಿದ್ದರಲ್ಲಿ ಒಂದು ಇತಿಹಾಸ ಸಿಕ್ಕಿತು, ಅದರ ಒಂದು ತುದಿ ನಾನು ದಿನಾ ಓಡಾಡುವ ಬೆಂಗಳೂರಿನಲ್ಲೇ ಇದೆ.

ತಲೆಗೆ ಪೆಟ್ಟು ಬಿದ್ದರೆ ಸ್ವಭಾವ ಬದಲಾಗುತ್ತದೆ ಅನ್ನುವುದಕ್ಕೆ ಎಲ್ಲ ಪುಸ್ತಕಗಳಲ್ಲೂ ಬರುವ ಹೆಸರು ಫಿನಿಯಾಸ್ ಗೇಜ್. 1848ರ ಸೆಪ್ಟೆಂಬರ್ 13, ಅಮೆರಿಕದ ವರ್ಮಾಂಟ್. ರೈಲು ಹಳಿಗೆ ಬಂಡೆ ಸಿಡಿಸುವ ಮೇಸ್ತ್ರಿ. ಮದ್ದು ತುಂಬುವಾಗ ಅದು ಸಿಡಿದು, ಸುಮಾರು ಮೂರೂವರೆ ಅಡಿಯಷ್ಟಿದ್ದ ಆರು ಕೆಜಿಯ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು ತಲೆಬುರುಡೆ ಸೀಳಿಕೊಂಡು ಹೋಯಿತು. ಆಸಾಮಿ ಬದುಕಿದ! ಅವನನ್ನು ನೋಡಿಕೊಂಡ ಡಾಕ್ಟರ್ ಹಾರ್ಲೋ 1868ರಲ್ಲಿ ಬರೆದ ಪ್ರಕಾರ, ಸ್ನೇಹಿತರಿಗೆ ಅವನು ಹಳೇ ಗೇಜ್ ಅನ್ನಿಸುತ್ತಲೇ ಇರಲಿಲ್ಲ. ಸಿಟ್ಟು, ಬೈಗುಳ, ಹಿಡಿದ ಕೆಲಸ ಬಿಡುವುದು. ಇದನ್ನು ಓದುವಾಗ ನಮ್ಮನೆ ಪಡಸಾಲೆಯೇ ಕಣ್ಣಮುಂದೆ ಬಂತು. ಎಲ್ಲರೂ ಹೇಳದೆ ಬಿಡುವ ಅರ್ಧ ಕಥೆಯೂ ಇದೆ. ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚ್ ಓಡಿಸಿದ. ದಿನಾ ಅದೇ ದಾರಿ, ಅದೇ ಹೊತ್ತು, ಆದರೆ ಪ್ರತಿ ಕ್ಷಣ ಎಚ್ಚರ ಬೇಡುವ ಕೆಲಸ. ಅವನು ಸಾಕಷ್ಟು ಸುಧಾರಿಸಿದ್ದ ಅಂತ ಈಗಿನ ಇತಿಹಾಸಕಾರರು ಕೆಲವರು ವಾದಿಸುತ್ತಾರೆ. 1860ರಲ್ಲಿ ತೀರಿಕೊಂಡ. ಈ ಕೋಚ್ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಅದೇ 1840ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನುವ ಸರ್ಜನ್ ಉಸ್ತುವಾರಿಯಲ್ಲಿ ಹುಚ್ಚಾಸ್ಪತ್ರೆ ಶುರುವಾಗಿತ್ತು. ಆ ಹೆಸರು ಈಗ ಕೇಳಲು ಕೆಟ್ಟದಾಗಿದೆ, ಆಗ ಅದೇ ಹೆಸರು. 1925ರಲ್ಲಿ ಅದು ಮೆಂಟಲ್ ಹಾಸ್ಪಿಟಲ್ ಆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮ ಅಲ್ಲಿ ಮೆದುಳಿನ ಆಪರೇಷನ್ ವಿಭಾಗ ಕಟ್ಟಿದರು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್. ವರ್ಮ ಅವರೇ ಮೊದಲ ನಿರ್ದೇಶಕರು. ಮನಸ್ಸಿನ ಕಾಯಿಲೆ ಮತ್ತು ನರದ ಕಾಯಿಲೆ ಒಂದೇ ಕಾಂಪೌಂಡಿನಲ್ಲಿ ಇರಬೇಕು ಅನ್ನುವುದು ಆಗ ಅಷ್ಟೇನೂ ಸಾಮಾನ್ಯವಾದ ಯೋಚನೆ ಆಗಿರಲಿಲ್ಲ. ನಮ್ಮ ಚಿಕ್ಕಪ್ಪನಂಥವರ ವಿಷಯದಲ್ಲಿ ಮಾತ್ರ ಅದೇ ಸರಿ. ಅವರಿಗೆ ಆಗಿದ್ದು ನರದ್ದಾ ಮನಸ್ಸಿನದ್ದಾ ಅಂತ ಇವತ್ತಿಗೂ ನನಗೆ ಗೆರೆ ಎಳೆಯಲು ಬರುವುದಿಲ್ಲ.

1974 ಇನ್ನೊಂದಕ್ಕೂ ಮುಖ್ಯ. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಅದೇ ವರ್ಷ ಪ್ರಜ್ಞೆ ಅಳೆಯುವ ಒಂದು ಪಟ್ಟಿ ಪ್ರಕಟಿಸಿದರು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ. ಒಟ್ಟು 3ರಿಂದ 15 ಅಂಕ. ಚಿಕ್ಕಪ್ಪನ ಹಳೇ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಜಿಸಿಎಸ್ 9' ಅಂತಿದೆ. ಮನೆಯಲ್ಲಿ ಎಲ್ಲರೂ ಅದನ್ನು ಹತ್ತಕ್ಕೆ ಒಂಬತ್ತು ಅಂದುಕೊಂಡು ಖುಷಿಯಾಗಿದ್ದರಂತೆ! ಸಿ.ಟಿ. ಸ್ಕ್ಯಾನ್ ಕೂಡ ಆ ದಶಕದ್ದೇ, ಮೊದಲ ರೋಗಿಯ ತಲೆ ನೋಡಿದ್ದು 1971ರಲ್ಲಿ ಲಂಡನ್ನಿನಲ್ಲಿ. ಈ ಎರಡು ಬಂದಮೇಲೆ ಜೀವ ಉಳಿಸುವುದು ಎಷ್ಟೋ ಸುಲಭವಾಯಿತು. ಆದರೆ ಸ್ಕ್ಯಾನಿಗೆ ಕಾಣುವುದು ರಕ್ತ, ಊತ, ಮುರಿದ ಮೂಳೆ. ಅದೆಲ್ಲ ಸರಿಹೋದ ಮೇಲೂ ಮನುಷ್ಯ ಯಾಕೆ ವಾಪಸ್ ಬರುವುದಿಲ್ಲ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಇನ್ನು ಜೀನುಗಳ ಕಡೆ ಹೋಗೋಣ. ಎಪಿಜೆನೆಟಿಕ್ಸ್ ಅನ್ನುವ ಪದವನ್ನು ಈಗಿನ ದಾರಿಗೆ ತಂದವನು ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್, 1942ರಲ್ಲಿ. (ಕನ್ನಡದಲ್ಲಿ ಏನನ್ನೋಣ? ಮೇಲ್ತಳಿ? ಅಜ್ಜಂಪುರದವನಾಗಿ ನನ್ನ ಓಟು ಇದಕ್ಕೇ.) ಡಿಎನ್ಎಯ ಜೋಡಿ ಸುರುಳಿ ಗೊತ್ತಾಗಲು ಇನ್ನೂ 11 ವರ್ಷ ಇತ್ತು. ಅವನ ಪ್ರಶ್ನೆ ಸರಳ. ಕಣ್ಣಿನ ಜೀವಕೋಶ, ಕರುಳಿನ ಜೀವಕೋಶ, ಮೆದುಳಿನ ಜೀವಕೋಶ ಎಲ್ಲ ಒಂದೇ ಮೊಟ್ಟೆಯಿಂದ ಬಂದವು, ಎಲ್ಲದರಲ್ಲೂ ಅದೇ ಜೀನುಗಳು. ಹಾಗಾದರೆ ಬೇರೆ ಬೇರೆ ಆಗಿದ್ದು ಹೇಗೆ?

ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಎಲ್ಲ ಸರ್ವರಿನಲ್ಲೂ ಇರುವುದು ಒಂದೇ ಸೋರ್ಸ್ ಕೋಡ್. ಯಾವ ಮಾಡ್ಯೂಲ್ ಆನ್, ಯಾವುದು ಆಫ್ ಅನ್ನುವುದು ಮಾತ್ರ ಕಾನ್ಫಿಗ್ ಫೈಲಿನಲ್ಲಿ. ಆ ಕಾನ್ಫಿಗ್ ಫೈಲೇ ಎಪಿಜೆನೆಟಿಕ್ಸ್. ಉದಾಹರಣೆ ಪೂರ್ತಿ ಸರಿಯಿಲ್ಲ, ಯಾಕಂದರೆ ನಮ್ಮ ಕಾನ್ಫಿಗ್ ಫೈಲು ಯಾರೋ ನೆಲಕ್ಕೆ ಬಿದ್ದರೆ ತಾನಾಗಿ ಬದಲಾಗುವುದಿಲ್ಲ. ಇಲ್ಲಿ ಬದಲಾಗುತ್ತದೆ, ಕಥೆಯೇ ಅದು.

ಒಂದೊಂದು ಜೀವಕೋಶದಲ್ಲೂ ಸುಮಾರು ಆರಡಿ ಉದ್ದದ ಡಿಎನ್ಎ ಇದೆ. ಅದು ಹಿಸ್ಟೋನ್ ಅನ್ನುವ ಪ್ರೋಟೀನುಗಳ ಉಂಡೆಗೆ ದಾರದ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಯಲ್ಲಿ ಎಂಟು ಹಿಸ್ಟೋನ್, ಅದರ ಸುತ್ತ 147 ಜೋಡಿ ಅಕ್ಷರ. ಬಿಗಿಯಾಗಿ ಸುತ್ತಿದ್ದರೆ ಆ ಜೀನನ್ನು ಓದಲಾಗುವುದಿಲ್ಲ, ಸಡಿಲವಿದ್ದರೆ ಓದಬಹುದು. 1964ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರೇ ಮತ್ತು ಜೊತೆಯವರು ಹೇಳಿದ್ದು, ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಅನ್ನುವ ಸಣ್ಣ ರಾಸಾಯನಿಕ ಗುಂಪು ಅಂಟಿದರೆ ಓದುವಿಕೆ ಹೆಚ್ಚುತ್ತದೆ ಅಂತ. ಸುಮಾರು 30 ವರ್ಷ ಹೆಚ್ಚಿನವರು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅಂಟಿಸುವ ಮತ್ತು ಕೀಳುವ ಕಿಣ್ವಗಳ ಗುರುತು ಸಿಕ್ಕಿದ್ದು 1996ರಲ್ಲಿ. ಅಂಟಿಸುವವರಲ್ಲಿ ಇಬ್ಬರ ಹೆಸರು ಮುಂದೆ ಬೇಕಾಗುತ್ತದೆ: ಪಿ300, ಸಿಬಿಪಿ. ಅಣ್ಣತಮ್ಮಂದಿರ ಹಾಗಿರುವ ಕಿಣ್ವಗಳು. ಕೀಳುವವರ ಗುಂಪಿಗೆ ಎಚ್‌ಡ್ಯಾಕ್ ಅಂತ ಹೆಸರು. ಇದಲ್ಲದೆ ಡಿಎನ್ಎ ಮೇಲೆಯೇ ಮೀಥೈಲ್ ಅಂಟಿಕೊಂಡು ಜೀನನ್ನು ಮುಚ್ಚುವ ಇನ್ನೊಂದು ದಾರಿಯೂ ಇದೆ. 1975ರಲ್ಲಿ ಹಾಲಿಡೇ ಮತ್ತು ರಿಗ್ಸ್ ಬೇರೆಬೇರೆಯಾಗಿ ಅದನ್ನು ಊಹಿಸಿದ್ದರು.

ಈ ಎರಡು ಕಥೆಗಳು, ಅಂದರೆ ತಲೆಪೆಟ್ಟು ಮತ್ತು ಹಿಸ್ಟೋನು, ಒಂದಕ್ಕೊಂದು ಸಿಕ್ಕಿದ್ದು ಯಾವಾಗ ಗೊತ್ತಾ? 2006. ಚಿಕ್ಕಪ್ಪ ಬಿದ್ದ ವರ್ಷ. ಪಿಟ್ಸ್‌ಬರ್ಗ್‌ನ ಗಾವೋ, ಜೆಂಕಿನ್ಸ್ ಮುಂತಾದವರು ಇಲಿಮರಿಗಳ ತಲೆಗೆ ಅಳತೆ ಮಾಡಿ ಪೆಟ್ಟು ಕೊಟ್ಟು, ಹಿಪೊಕ್ಯಾಂಪಸ್ ಅನ್ನುವ ಭಾಗ ನೋಡಿದರು. ಹೊಸ ನೆಪಗಳು, ಅಲ್ಲ ನೆನಪುಗಳು :-) ಕಟ್ಟಿಕೊಳ್ಳುವುದು ಅಲ್ಲಿ. ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿ ಹಿಸ್ಟೋನಿನ ಮೇಲಿನ ಅಸಿಟೈಲ್ ಗುರುತುಗಳು ಇಳಿದಿದ್ದವು, ಆಮೇಲೂ ಇಳಿದೇ ಇದ್ದವು. ಮರುವರ್ಷ ಜರ್ಮನಿಯ ಟ್ಯೂಬಿಂಗನ್ನಿನವರು ಪೆಟ್ಟಾದ ಇಲಿಯ ಮೆದುಳಿನಲ್ಲಿ ಸೇರಿದ ರಕ್ಷಣಾ ಜೀವಕೋಶಗಳ ಒಂದು ಗುಂಪಿನಲ್ಲಿ ಡಿಎನ್ಎಯ ಮೀಥೈಲ್ ಗುರುತುಗಳೇ ಕಡಿಮೆಯಾಗಿರುವುದನ್ನು ಕಂಡರು.

ಒಳಗೆ ಏನಾಗುತ್ತದೆ ಅಂದರೆ, ತಲೆ ನೆಲಕ್ಕೆ ಹೊಡೆದಾಗ ಮೆದುಳು ಬುರುಡೆಯೊಳಗೆ ಜಗ್ಗಿ ತಿರುಚುತ್ತದೆ. ಉದ್ದದ ನರತಂತುಗಳು ಹರಿಯುತ್ತವೆ. ಜೀವಕೋಶಗಳಿಂದ ಗ್ಲುಟಮೇಟ್ ಹೊಳೆಯಾಗಿ ಹರಿದು, ಪಕ್ಕದ ಕೋಶಗಳಿಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆ ಗಲಾಟೆಯ ಸುದ್ದಿ ಕೋಶದ ನಡುವಿನ ನ್ಯೂಕ್ಲಿಯಸ್ಸಿಗೆ ಮುಟ್ಟಿ, ಅಲ್ಲಿ ಕೆಲವು ಜೀನು ಮುಚ್ಚುತ್ತವೆ, ಕೆಲವು ತೆರೆಯುತ್ತವೆ. ನರಕೋಶಗಳು ಸಾಮಾನ್ಯವಾಗಿ ಮತ್ತೆ ಒಡೆದು ಎರಡಾಗುವುದಿಲ್ಲ. ಹಾಗಾಗಿ ಅಂಥ ಕೋಶದಲ್ಲಿ ಒಂದು ಗುರುತು ಕೂತರೆ ಅದು ತುಂಬ ಕಾಲ ಉಳಿಯಬಹುದು. ಮೆದುಳಿನ ಕಾವಲುಗಾರ ಕೋಶಗಳು ಮೈಕ್ರೋಗ್ಲಿಯಾ. ಜಗಳ ಮುಗಿದ ಮೇಲೂ ಅವು ಕೋಲು ಹಿಡಿದೇ ನಿಂತಿರುತ್ತವೆ. 2011ರಲ್ಲಿ ಲಂಡನ್ನಿನವರು ಬದುಕಿರುವ ಮನುಷ್ಯರ ಪೆಟ್ ಸ್ಕ್ಯಾನ್ ಮಾಡಿ, ಪೆಟ್ಟಾಗಿ 17 ವರ್ಷದವರೆಗೂ ಈ ಕಾವಲಿನ ಉರಿ ಆರದೇ ಇರಬಹುದು ಅಂತ ತೋರಿಸಿದರು. ಹದಿನೇಳು ವರ್ಷ! ಚಿಕ್ಕಮ್ಮ ಹೇಳುತ್ತಿದ್ದ ಮಾತು ನೆನಪಾಯಿತು, 'ಅವರು ಬಿದ್ದಿದ್ದು ಒಂದು ದಿನ ಅಲ್ಲಪ್ಪ, ದಿನಾ ಬೀಳ್ತಾನೇ ಇದಾರೆ.'

ಮನುಷ್ಯರಲ್ಲಿ ಈ ಗುರುತುಗಳನ್ನು ನೋಡುವುದು ಕಷ್ಟ, ಬದುಕಿರುವವರ ಮೆದುಳಿನ ಚೂರು ತೆಗೆದು ನೋಡಲು ಯಾರು ಬಿಡುತ್ತಾರೆ? ಅದಕ್ಕೇ ಸತ್ತವರ ಮೆದುಳು ಬೇಕು. ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರು 1995ರಲ್ಲಿ ಶುರುಮಾಡಿದ ಮೆದುಳಿನ ಬ್ಯಾಂಕ್ ಇದೆ. ಅಪಘಾತದಲ್ಲಿ ತೀರಿಕೊಂಡವರ ಮನೆಯವರು, ಆ ದುಃಖದಲ್ಲೂ ಒಪ್ಪಿ ಕೊಟ್ಟದ್ದು ಅಲ್ಲಿ ಬಹಳಷ್ಟು. ಅದರ ಜೊತೆಗೇ ಒಂದು ಮ್ಯೂಸಿಯಮ್ಮೂ ಇದೆ, ನಮ್ಮಂಥವರೂ ನೋಡಬಹುದು. ಕಾಲೇಜಿನಲ್ಲಿದ್ದಾಗ ಹೋಗಿದ್ದೆ. ಕೈಗೆ ಗ್ಲೌಸ್ ಹಾಕಿಸಿ ನಿಜವಾದ ಮೆದುಳು ಹಿಡಿಯಲು ಕೊಟ್ಟರು. ಒಂದೂಕಾಲು ಕೆಜಿ ಇರಬಹುದು, ನಾನಂದುಕೊಂಡದ್ದಕ್ಕಿಂತ ಭಾರ. ಗೆಳೆಯರು ಜೋಕ್ ಮಾಡುತ್ತಿದ್ದರು. ನನಗೆ ಮಾತ್ರ ಆ ತೆಂಗಿನ ಮರ ನೆನಪಾಗಿ ಬೇಗ ವಾಪಸ್ ಕೊಟ್ಟುಬಿಟ್ಟೆ.

ಈಗ ಮಾತ್ರೆಯ ವಿಷಯ. ಚಿಕ್ಕಪ್ಪನಿಗೆ ಬಿದ್ದಮೇಲೆ ಫಿಟ್ಸ್ ಬರುತ್ತಿತ್ತು, ಅದಕ್ಕೆ ವಾಲ್‌ಪ್ರೊಯೇಟ್ ಅನ್ನುವ ಮಾತ್ರೆ. ಇದು 1960ರ ದಶಕದಿಂದ ಮೂರ್ಛೆರೋಗಕ್ಕೆ ಕೊಡುತ್ತಿರುವ ಹಳೇ ಔಷಧಿ, ಕಂಡುಹಿಡಿದದ್ದು ಫ್ರಾನ್ಸಿನಲ್ಲಿ, ಅದೂ ಆಕಸ್ಮಿಕವಾಗಿ. 2001ರಲ್ಲಿ ಎರಡು ತಂಡಗಳು ಕಂಡುಕೊಂಡದ್ದೇನಂದರೆ, ಅದು ಎಚ್‌ಡ್ಯಾಕ್‌ಗಳನ್ನು, ಅಂದರೆ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುತ್ತದೆ! ಅಂದರೆ ಯಾರಿಗೂ ಗೊತ್ತಿಲ್ಲದೆ ನಾಲ್ಕು ದಶಕ ಜನ ಎಪಿಜೆನೆಟಿಕ್ ಮಾತ್ರೆ ನುಂಗುತ್ತಿದ್ದರು. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಮುಂದೆ ಓದಿದಾಗ ಕೂತೆ. ತಲೆಪೆಟ್ಟಾದವರಿಗೆ ಫಿಟ್ಸ್ ಬರದಿರಲಿ ಅಂತ ಮುಂಚಿತವಾಗಿ ವಾಲ್‌ಪ್ರೊಯೇಟ್ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯ ಫಲಿತಾಂಶ 1999ರಲ್ಲೇ ಬಂದಿತ್ತು. ಹಳೇ ಔಷಧಿಗಿಂತ ಉಪಯೋಗ ಹೆಚ್ಚಿರಲಿಲ್ಲ, ಸಾವು ಸ್ವಲ್ಪ ಹೆಚ್ಚೇ ಅನ್ನಿಸುವಂತಿತ್ತು. ಹಾಗಾಗಿ ಫಿಟ್ಸ್ ಇದ್ದು ಡಾಕ್ಟರ್ ಕೊಟ್ಟರೆ ತಗೊಳ್ಳುವುದು, ಬ್ಲಾಗು ಓದಿ ತಗೊಳ್ಳುವುದಲ್ಲ.

ಇಲಿಗಳಲ್ಲಿ ಮಾತ್ರ ಆಸೆ ಬರುವಂಥದ್ದು ಕಂಡಿದೆ. 2007ರಲ್ಲಿ ಎಂಐಟಿಯ ಲೀ-ಹುಯಿ ಸಾಯ್ ಅವರ ತಂಡ ಮೆದುಳಿನ ಕೋಶಗಳನ್ನು ಕಳೆದುಕೊಂಡ ಇಲಿಗಳನ್ನು ಎರಡು ರೀತಿ ನೋಡಿಕೊಂಡಿತು. ಕೆಲವಕ್ಕೆ ಎಚ್‌ಡ್ಯಾಕ್ ತಡೆಯುವ ಔಷಧಿ. ಕೆಲವಕ್ಕೆ ದೊಡ್ಡ ಪಂಜರ, ಓಡಲು ಚಕ್ರ, ಆಟದ ಸಾಮಾನು, ಜೊತೆಗೆ ಬೇರೆ ಇಲಿಗಳು. ಎರಡೂ ಕಡೆ ಇಲಿಗಳು ಮತ್ತೆ ಕಲಿಯತೊಡಗಿದವು, ಕಳೆದೇಹೋಯಿತು ಅಂದುಕೊಂಡ ಹಳೇ ನೆನಪೂ ಬಂತು. ಆಟದ ಸಾಮಾನೂ ಹಿಸ್ಟೋನಿನ ಮೇಲೆ ಅಸಿಟೈಲ್ ಅಂಟಿಸಿತ್ತು! 2009ರಲ್ಲಿ ಹ್ಯೂಸ್ಟನ್ನಿನ ಪ್ರಮೋದ್ ಡ್ಯಾಶ್ ಮತ್ತಿತರರು ತಲೆಪೆಟ್ಟಾದ ಇಲಿಗಳಲ್ಲೇ ನೋಡಿದರು. ಎಚ್‌ಡ್ಯಾಕ್ ತಡೆಯುವ ಔಷಧಿಯ ಜೊತೆ ತರಬೇತಿಯೂ ಸೇರಿದಾಗ ಕಲಿಕೆ, ನೆನಪು ಸುಧಾರಿಸಿತು.

ಗೇಜ್‌ನ ಕುದುರೆ ಕೋಚ್ ನೆನಪಾಯಿತಾ? ನನಗೆ ನಮ್ಮನೆ ನಡುಕೋಣೆ ನೆನಪಾಯಿತು. ಚಿಕ್ಕಪ್ಪ ಬಂದಮೇಲೆ ಎಲ್ಲರೂ ಹೇಳಿದ್ದು ಒಂದೇ, 'ರೆಸ್ಟ್ ಕೊಡಿ, ಜನರ ಮುಂದೆ ಬಿಡಬೇಡಿ.' ಎರಡು ವರ್ಷ ಆ ಕತ್ತಲೆ ಕೋಣೆಯಲ್ಲೇ ಕೂರಿಸಿದೆವು. ರೆಸ್ಟು ಅರ್ಧ ಕಾರಣ, ಮರ್ಯಾದೆ ಅರ್ಧ ಕಾರಣ. ಆಮೇಲೆ ಒಂದು ಸುಗ್ಗಿಯಲ್ಲಿ ಆಳು ಸಿಗದೆ ಚಿಕ್ಕಮ್ಮ ಅವರನ್ನು ಈರುಳ್ಳಿ ಆರಿಸಲು ಕಣಕ್ಕೆ ಕರೆದುಕೊಂಡು ಹೋದರು. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ, ಕೊಳೆತದ್ದು ಒಂದು ಕಡೆ. ಸುತ್ತ ಹತ್ತು ಹೆಂಗಸರ ಮಾತು. ಆ ವರ್ಷದಿಂದ ತಟ್ಟೆ ಎಸೆಯುವುದು ಕಡಿಮೆಯಾಯಿತು. ಈರುಳ್ಳಿಯಿಂದ ಹಿಸ್ಟೋನು ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ಕಥೆ ಪ್ರಯೋಗ ಆಗುವುದಿಲ್ಲ, ಕಾಲ ಕಳೆದಂತೆ ತಾನಾಗಿಯೂ ಇಳಿಯುತ್ತಿತ್ತೇನೋ. ಆ ಎರಡು ವರ್ಷ ಮಾತ್ರ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಇನ್ನು ಬೆಂಗಳೂರಿನ ತುದಿ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ, ನಮ್ಮ ಸಿ. ಎನ್. ಆರ್. ರಾವ್ ಕಟ್ಟಿದ್ದು, 1989ರಲ್ಲಿ. ಅಲ್ಲಿನ ತಪಸ್ ಕುಮಾರ್ ಕುಂಡು ಅವರ ಲ್ಯಾಬಿನವರು ಈ ಪಿ300 ಕಿಣ್ವವನ್ನು ಹಿಡಿತಕ್ಕೆ ತರುವ ಅಣು ಹುಡುಕುತ್ತಿದ್ದರು. ಸಿಕ್ಕಿದ್ದು ಎಲ್ಲಿ? ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ! ಗೋಡಂಬಿ ಸುಲಿಯುವಾಗ ಕೈ ಸುಡುತ್ತದಲ್ಲ, ಅದೇ ಎಣ್ಣೆ. ಅದರಲ್ಲಿರುವ ಅನಕಾರ್ಡಿಕ್ ಆಸಿಡ್ ಪಿ300 ಕೆಲಸವನ್ನು ತಡೆಯುತ್ತಿತ್ತು. ಅದನ್ನೇ ಮೂಲವಾಗಿಟ್ಟುಕೊಂಡು ತಿದ್ದಿ ಮಾಡಿದ ಸಿಟಿಪಿಬಿ ಅನ್ನುವ ಅಣು ಉಲ್ಟಾ ಕೆಲಸ ಮಾಡಿತು, ಪಿ300ಅನ್ನು ಚುರುಕುಗೊಳಿಸಿತು. ಇದು 2003ರಲ್ಲಿ ಪ್ರಕಟವಾಯಿತು. ಮರುವರ್ಷ ಅದೇ ಲ್ಯಾಬಿನಿಂದ ಪುನರ್ಪುಳಿಯ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್. ದಯವಿಟ್ಟು ಇದನ್ನು ಓದಿ 'ಅರಿಶಿನ ತಿಂದರೆ ಮೆದುಳು ಸರಿಹೋಗುತ್ತೆ' ಅಂತ ವಾಟ್ಸಾಪಿಗೆ ಹಾಕಬೇಡಿ. ಅವೆರಡೂ ಪಿ300 ತಡೆಯುವ ಕಡೆಯವು. ಇಲ್ಲಿ ಬೇಕಾಗಿರುವುದು ಚುರುಕು ಮಾಡುವವು.

ಸಿಟಿಪಿಬಿಗೆ ಒಂದು ತೊಂದರೆ, ಜೀವಕೋಶದೊಳಗೆ ತಾನಾಗಿ ಹೋಗುತ್ತಿರಲಿಲ್ಲ. ಅದೇ ಕ್ಯಾಂಪಸ್ಸಿನ ಎಂ. ಈಶ್ವರಮೂರ್ತಿ ಗ್ಲೂಕೋಸಿನಿಂದ ಅತಿ ಸಣ್ಣ ಇಂಗಾಲದ ಗುಂಡುಗಳನ್ನು ಮಾಡುತ್ತಿದ್ದರು. ಆ ಗುಂಡಿಗೆ ಅಣುವನ್ನು ಅಂಟಿಸಿದರೆ ಕೋಶದ ನ್ಯೂಕ್ಲಿಯಸ್ಸಿನವರೆಗೂ ಹೊತ್ತುಕೊಂಡು ಹೋಗುತ್ತಿತ್ತು, 2008ರಲ್ಲಿ ಇದನ್ನು ತೋರಿಸಿದರು. ಕ್ಯಾಂಟೀನಿನಲ್ಲಿ ಒಟ್ಟಿಗೆ ಟೀ ಕುಡಿಯುವಾಗ ಹೊಳೆದಿರಬೇಕು ಅಂತ ನನ್ನ ಊಹೆ, ನಮ್ಮಲ್ಲಿ ಒಳ್ಳೆ ಡಿಸೈನುಗಳೆಲ್ಲ ಹಾಗೇ ಆಗುವುದು. ಆಮೇಲೆ ಟಿಟಿಕೆ21 ಅನ್ನುವ ಸುಧಾರಿತ ಅಣು ಬಂತು. 2013ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನ ಬುಟಿಲ್ಲಿಯೇ ಅವರ ತಂಡದ ಜೊತೆ ಸೇರಿ ತೋರಿಸಿದ್ದು: ಇಂಗಾಲದ ಗುಂಡಿಗೆ ಅಂಟಿಸಿದ ಟಿಟಿಕೆ21 ಇಲಿಯ ಮೆದುಳನ್ನು ಸೇರುತ್ತದೆ, ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳಿಗೆ ಇಂಬು ಕೊಡುತ್ತದೆ, ನೆನಪು ಹೆಚ್ಚು ದಿನ ನಿಲ್ಲುತ್ತದೆ.

2019ರಲ್ಲಿ ಇದು ಪೆಟ್ಟಿನ ಕಡೆಗೇ ತಿರುಗಿತು, ತಲೆಯದಲ್ಲ, ಬೆನ್ನುಹುರಿಯದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಿಮೋನೆ ಡಿ ಜೊವಾನ್ನಿ ಅವರ ತಂಡ ನೋಡಿದ್ದು, ಆಟದ ಸಾಮಾನಿರುವ ದೊಡ್ಡ ಪಂಜರದಲ್ಲಿ ಬೆಳೆದ ಇಲಿಗಳಿಗೆ ಬೆನ್ನುಹುರಿ ಪೆಟ್ಟಾದರೆ ನರತಂತು ಮತ್ತೆ ಬೆಳೆಯುವ ಶಕ್ತಿ ಹೆಚ್ಚು, ಅದಕ್ಕೆ ಕಾರಣ ಸಿಬಿಪಿ ಅಂಟಿಸುವ ಅಸಿಟೈಲ್. ಪಂಜರದ ಬದಲು ಜಕ್ಕೂರಿನ ಟಿಟಿಕೆ21 ಕೊಟ್ಟಾಗಲೂ ತಂತು ಬೆಳೆದು, ಇಲಿಗಳ ನಡಿಗೆ ಸುಧಾರಿಸಿತು. ಆಗ ಪತ್ರಿಕೆಗಳಲ್ಲೂ ಬಂದಿತ್ತಂತೆ, ನಾನು ಗಮನಿಸಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ 2022ರದ್ದೂ ಹೇಳಬೇಕು. ಅದೇ ತಂಡ ಈ ಸಲ ಕಷ್ಟದ ಪ್ರಶ್ನೆ ಕೇಳಿತು. ಬೆನ್ನುಹುರಿಗೆ ಜೋರಾಗಿ ಪೆಟ್ಟಾಗಿ 12 ವಾರ ಕಳೆದ ಇಲಿಗಳಿಗೆ, 22ನೇ ವಾರದವರೆಗೆ, ವಾರಕ್ಕೊಂದು ಸಲ ಅದೇ ಔಷಧಿ. ತಂತುಗಳು ಬೆಳೆದವು, ಕವಲೊಡೆದವು, ಹೊಸ ಸಂಪರ್ಕಗಳಿಗೆ ದಾರಿಯಾಯಿತು. ಆದರೆ ಇಲಿಗಳಿಗೆ ಚಲನೆ, ಸ್ಪರ್ಶ ವಾಪಸ್ ಬರಲಿಲ್ಲ. ಅದನ್ನು ಹಾಗೆಯೇ ಬರೆದಿದ್ದಾರೆ, ನನಗೆ ಆ ಪ್ರಾಮಾಣಿಕತೆ ಇಷ್ಟವಾಯಿತು. ಆದರೂ ಓದಿದ ರಾತ್ರಿ ಸ್ವಲ್ಪ ಬೇಜಾರಾಯಿತು. ಚಿಕ್ಕಪ್ಪ ಬಿದ್ದು 12 ವಾರ ಅಲ್ಲ, ಎಷ್ಟೋ ವರ್ಷ. ಅವರಿಗೆ ಕೊಡಬಹುದಾದ ಅಂಥ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ.

ಇನ್ನು ತಂಗಿಯ ಪ್ರಶ್ನೆ. ಗುರುತು ಮಕ್ಕಳಿಗೆ ದಾಟುತ್ತದಾ?

ಆ ಲೇಖನಗಳಲ್ಲೆಲ್ಲ ಬರುವ ಉದಾಹರಣೆ ಹಾಲೆಂಡಿನ 1944-45ರ ಬರಗಾಲ. ಆಗ ಗರ್ಭದಲ್ಲಿದ್ದವರನ್ನು ಸುಮಾರು 60 ವರ್ಷದ ನಂತರ ಪರೀಕ್ಷಿಸಿದಾಗ ಒಂದು ಜೀನಿನ ಮೇಲೆ ಮೀಥೈಲ್ ಕಡಿಮೆ ಇತ್ತು, 2008ರಲ್ಲಿ ಪ್ರಕಟ. ಆದರೆ ಗಮನಿಸಿ, ಆ ಹಸಿವು ಅವರಿಗೇ ತಟ್ಟಿತ್ತು, ಗರ್ಭದಲ್ಲಿ. ಅಪ್ಪನ ನೆನಪಲ್ಲ ಅದು. ಇಲಿಗಳಲ್ಲಿ ಅಪ್ಪನ ಅನುಭವದ ಪರಿಣಾಮ ಮರಿಗಳಲ್ಲಿ ಕಂಡ ಪ್ರಯೋಗಗಳು ಇವೆ, ಅವುಗಳ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವೂ ಇದೆ. ಮನುಷ್ಯನ ತಲೆಗೆ ಬಿದ್ದ ಪೆಟ್ಟು ಮಕ್ಕಳ ತಲೆಗೆ ದಾಟಿದೆ ಅಂತ ಯಾರೂ ಸಾಬೀತು ಮಾಡಿಲ್ಲ. ಚಿಕ್ಕಪ್ಪನ ಮೆದುಳಿನ ಕೋಶದ ಮೇಲೆ ಕೂತ ಗುರುತು ಆ ಕೋಶದಲ್ಲೇ ಇರುತ್ತದೆ. ಮಕ್ಕಳಾಗುವುದು ಮೆದುಳಿನ ಕೋಶದಿಂದ ಅಲ್ಲವಲ್ಲ. ಸಾಲದ್ದಕ್ಕೆ, ಜೀವ ಹುಟ್ಟುವ ಹೊತ್ತಿನಲ್ಲಿ ಅಪ್ಪ ಅಮ್ಮನ ಕಡೆಯ ಹಳೇ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ, ಫಾರ್ಮ್ಯಾಟ್ ಮಾಡಿದ ಹಾಗೆ.

ಇಷ್ಟನ್ನೂ ಟಿಪ್ಪಣಿ ಮಾಡಿಕೊಂಡು ಭಾನುವಾರ ಅವಳಿಗೆ ಫೋನ್ ಮಾಡಿದೆ. ಹಾಲೆಂಡ್ ಮುಗಿಸಿ ಇಲಿಗೆ ಬಂದಿದ್ದೆ, ಅಷ್ಟರಲ್ಲಿ ಅವಳೇ ಮಧ್ಯೆ ತಡೆದು ಕೇಳಿದಳು. 'ಅಣ್ಣಾ, ಅಪ್ಪ ಬಿದ್ದಾಗ ನನಗೆ ಎಷ್ಟು ವರ್ಷ?'

ನಾಲ್ಕು. ಅಂಗಳದಲ್ಲಿ ಆಡುತ್ತಿದ್ದಳು.

ಎರಡು ವಾರ ಪೇಪರ್ ಓದಿದ ನನಗೆ ಇದು ಹೊಳೆದೇ ಇರಲಿಲ್ಲ! ಬಗ್ ಬಂದದ್ದು ಯಾವಾಗ, ಕೋಡ್ ಹೋದದ್ದು ಯಾವಾಗ ಅಂತ ದಿನಾಂಕ ನೋಡುವುದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಅವಳು ನಕ್ಕಳು. ಅವಳ ತಮ್ಮ ಹುಟ್ಟಿದ್ದು ಆಮೇಲೆ, ಅವನಿಗೆ ಇಲಿ-ಹಾಲೆಂಡ್ ಕಥೆ ಬೇಕಾಗುತ್ತದೆ ಅಂದಳು. 'ಇದನ್ನೆಲ್ಲ ಬರೆದು ಕೊಡು, ಕಡೂರಿನವರಿಗೆ ಕಳಿಸ್ತೀನಿ. ಸಂಬಂಧಕ್ಕಲ್ಲ. ಸುಮ್ಮನೆ ಗೊತ್ತಿರಲಿ ಅಂತ.' ಹಾಗಾಗಿ ಇಷ್ಟುದ್ದ ಬರೆದದ್ದು.

ಫೋನು ಚಿಕ್ಕಪ್ಪನ ಕೈಗೆ ಹೋಯಿತು. ಊರಿಂದ ಹೊರಟ ದಿನ ಬೆಂಗಳೂರು ಮುಟ್ಟಿದಾಗ ಎಷ್ಟು ಗಂಟೆ ಆಗಿತ್ತು ಅಂತ ಕೇಳಿದರು. ಹೇಳಿದೆ. ಬೀರೂರಿನಲ್ಲಿ ಟ್ರೈನು ಎಷ್ಟು ಹೊತ್ತು ನಿಂತಿತ್ತು ಅಂತ ಕೇಳಿದರು. ಹೇಳಿದೆ. ಮತ್ತೆ ಬೆಂಗಳೂರು ಮುಟ್ಟಿದಾಗ ಎಷ್ಟು ಗಂಟೆ ಅಂದರು.

ಮೆದುಳಿನ ಡಾಕ್ಟರುಗಳು, ಬಯಾಲಜಿ ಓದಿದವರು ಯಾರಾದರೂ ಇಲ್ಲಿ ಬಂದರೆ, ತಪ್ಪಿದ್ದಲ್ಲಿ ಕೆಳಗೆ ತಿದ್ದಿ. 'ಮೇಲ್ತಳಿ'ಗಿಂತ ಒಳ್ಳೆಯ ಪದ ಇದ್ದರೆ ಅದನ್ನೂ ಹೇಳಿ.